ಅಡುಗೆಮನೆಗೆ ಬಂದ ಪಟ್ಟೆ ಹಲ್ಲಿ ಯಾವುದು? ಫೋಟೋ ಹಾಕಿದ್ದೇನೆ (ಚಿತ್ರದುರ್ಗ)

ಜೋಗಿಮಟ್ಟಿ ಕಡೆಯ ಮನೆ

ಎಲ್ಲರಿಗೂ ನಮಸ್ಕಾರ. ಒಂದು ಹಲ್ಲಿಯ ಗುರುತು ಹೇಳಿ. ನಮ್ಮದು ಚಿತ್ರದುರ್ಗದಲ್ಲಿ ಜೋಗಿಮಟ್ಟಿಗೆ ಹೋಗುವ ದಾರಿಯಲ್ಲಿ ಊರಿನ ಕೊನೆಯ ಸಾಲು ಮನೆ. ಹಿಂದೆ ಖಾಲಿ ಸೈಟು, ಅದರ ಆಚೆ ಕಲ್ಲುಗುಡ್ಡ, ಲಂಟಾನ ಪೊದೆ, ಒಂದೆರಡು ಹುತ್ತ. ಮಳೆ ಬಂದು ನಿಂತ ರಾತ್ರಿ ಜೋಳದ ಡಬ್ಬ ಸರಿಸಿದಾಗ ಅದರ ಹಿಂದೆ ಕೂತಿತ್ತು. ದಿನಾ ಟ್ಯೂಬ್‌ಲೈಟ್ ಹತ್ತಿರ ನೋಡುವ ಹಲ್ಲಿ ಖಂಡಿತ ಅಲ್ಲ. ಮೈ ಬಣ್ಣ ಕಂದು, ಸ್ವಲ್ಪ ನೇರಳೆ ಬೆರೆತ ಹಾಗೆ. ಬೆನ್ನಿನ ಮೇಲೆ ಬಿಳಿ ಅಡ್ಡಪಟ್ಟೆಗಳು, ಪ್ರತಿ ಪಟ್ಟೆಯ ಅಂಚಿಗೂ ಕಪ್ಪು ಗೆರೆ. ಬಾಲದಲ್ಲಿ ಕಪ್ಪು ಬಿಳಿ ಉಂಗುರ. ಉದ್ದ ನನ್ನ ತೋರುಬೆರಳಿನಷ್ಟು. ಗೋಡೆ ಹತ್ತಲಿಲ್ಲ, ನೆಲದಲ್ಲೇ ಓಡಿ ಗ್ಯಾಸ್ ಸಿಲಿಂಡರ್ ಹಿಂದೆ ಸೇರಿಕೊಂಡಿದೆ.

ನಮ್ಮ ಅತ್ತೆ "ಇದು ಮನೆ ಹಲ್ಲಿ ಅಲ್ಲ, ಭಾಳ ವಿಷ ಐತೆ, ಮಕ್ಕಳನ್ನ ಆ ಕಡೆ ಬಿಡಬ್ಯಾಡ" ಅಂತ ಹೇಳುತ್ತಿದ್ದಾರೆ. ಪಕ್ಕದ ಮನೆಯವರು ಪೊರಕೆ ತಂದರು, ಬೇಡ ಅಂದೆ. ಸಾಯಿಸಲು ನನಗೆ ಮನಸ್ಸಿಲ್ಲ. ಆದರೆ ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ, ಏನು ಅಂತ ಗೊತ್ತಾಗದೆ ನಿದ್ದೆ ಬರಲ್ಲ. ಫೋಟೋ ಸ್ವಲ್ಪ ಮಸುಕಾಗಿದೆ, ದಯವಿಟ್ಟು ನೋಡಿ ಹೇಳಿ.

ಬೆಣ್ಣೆದೋಸೆ ಊರು

ಹಾವರಾಣಿ ಮರಿ ಇರಬೇಕು ಅಕ್ಕ. ನಮ್ಮ ದಾವಣಗೆರೆ ಮನೆಯ ಹಿತ್ತಲಲ್ಲೂ ಮಳೆಗಾಲದಲ್ಲಿ ಬರುತ್ತದೆ. ಬಾಲ ಕೆಂಪಗೆ ಇರುತ್ತದೆ.

ಚಳ್ಳಕೆರೆ ಶೇಂಗಾ

ಪಟ್ಟೆ ನೋಡಿದರೆ ಉಡದ ಮರಿ ತರ ಇದೆ. ನಮ್ಮ ಹೊಲದಲ್ಲಿ ಬದುವಿನ ಕಲ್ಲು ತೆಗೆಯುವಾಗ ಇಂಥದ್ದೇ ಒಂದು ಸಿಕ್ಕಿತ್ತು.

ರಾತ್ರಿಪಾಳಿ

ಇದು ಲೆಪರ್ಡ್ ಗೆಕ್ಕೊ. ಯೂಟ್ಯೂಬಲ್ಲಿ ಸಾಕುವವರ ವಿಡಿಯೋ ನೋಡಿದ್ದೇನೆ, ಹೀಗೇ ಪಟ್ಟೆ ಇರುತ್ತದೆ. ಕೆಲವು ಹಲ್ಲಿಗೆ ಲಕ್ಷಗಟ್ಟಲೆ ರೇಟು ಇದೆ ಅಂತಾರೆ, ಬಿಡಬೇಡಿ, ಯಾರಾದರೂ ತಿಳಿದವರನ್ನು ಕೇಳಿ.

ಕಲ್ಲುಬಂಡೆ

ಮೇಡಂ, ಮೊದಲು ಒಂದು ಮಾತು. ಗಾಬರಿ ಬೇಡ. ನಮ್ಮ ದೇಶದಲ್ಲಿ ಮನೆಗೆ ಬರುವ ಯಾವ ಹಲ್ಲಿಗೂ ಕಚ್ಚಿ ವಿಷ ಏರಿಸುವ ಹಲ್ಲು ಇಲ್ಲ. ಮಕ್ಕಳು ಮುಟ್ಟಿದರೂ ಏನೂ ಆಗಲ್ಲ, ಕೈ ಸೋಪು ಹಾಕಿ ತೊಳೆದರೆ ಸಾಕು. ಇವತ್ತು ರಾತ್ರಿ ಅದು ಸಿಲಿಂಡರ್ ಹಿಂದೆಯೇ ಇದ್ದರೂ ತೊಂದರೆ ಇಲ್ಲ.

ಇನ್ನು ಗುರುತಿನ ವಿಷಯ. ಬಣ್ಣ, ಪಟ್ಟೆ ನೋಡಿ ಹೆಸರು ಹೇಳಿದರೆ ಹತ್ತು ಜನ ಹತ್ತು ಹೆಸರು ಹೇಳುತ್ತಾರೆ, ಈಗಾಗಲೇ ಮೂರು ಬಂದಿವೆ. ಹಲ್ಲಿಗಳ ಬಣ್ಣ ನಂಬುವ ಹಾಗಿಲ್ಲ. ಒಂದೇ ಹಲ್ಲಿ ಹಗಲು ಗಾಢ, ರಾತ್ರಿ ತೆಳು ಬಣ್ಣದಲ್ಲಿ ಕಾಣುತ್ತದೆ. ಮರಿಗೂ ದೊಡ್ಡದಕ್ಕೂ ವ್ಯತ್ಯಾಸ ಇರುತ್ತದೆ. ನನಗೆ ಬೇಕಾಗಿರುವುದು ಬೇರೆ. ಕಣ್ಣಿಗೆ ರೆಪ್ಪೆ ಇದೆಯಾ? ಕಣ್ಣಿನ ಪಾಪೆ ಗುಂಡಗಿದೆಯಾ, ನಿಂತ ಸೀಳಿನ ಹಾಗಿದೆಯಾ? ಚರ್ಮ ನುಣುಪಾಗಿ ಹೊಳೆಯುತ್ತದೆಯಾ, ಗುಳ್ಳೆ ಗುಳ್ಳೆ ಇದೆಯಾ? ಎಲ್ಲಕ್ಕಿಂತ ಮುಖ್ಯ ಬೆರಳಿನ ಕೆಳಭಾಗ. ಅದು ಕಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಹಿಡಿಯಲು ಸುಲಭ ದಾರಿ ಇದೆ. ಅಗಲ ಬಾಯಿಯ ಗಾಜಿನ ಬಾಟಲಿ ತೆಗೆದುಕೊಳ್ಳಿ, ಹಾರ್ಲಿಕ್ಸ್ ಬಾಟಲಿ ಆದರೂ ನಡೆಯುತ್ತದೆ. ಮೆಲ್ಲಗೆ ಅದರ ಮೇಲೆ ಬೋರಲು ಹಾಕಿ, ಕೆಳಗಿನಿಂದ ದಪ್ಪ ರಟ್ಟು ತೂರಿಸಿ. ಕೈಯಿಂದ ಹಿಡಿಯಬೇಡಿ. ನಿಮಗೇನೋ ಆಗುತ್ತದೆ ಅಂತಲ್ಲ, ಅದರ ಚರ್ಮ ತೆಳು, ಬಾಲ ಕಳಚಿ ಬೀಳುತ್ತದೆ. ಬಾಟಲಿಯಲ್ಲಿ ಕೂತಾಗ ಗಾಜಿನ ಹೊರಗಿನಿಂದ ಹೊಟ್ಟೆ ಮತ್ತು ಪಾದದ ಫೋಟೋ ತೆಗೆಯಿರಿ. ಮೊಬೈಲ್ ಫ್ಲ್ಯಾಶ್ ಬೇಡ, ಪಕ್ಕದಿಂದ ಟಾರ್ಚ್ ಹಿಡಿಯಿರಿ.

ಮೇಷ್ಟ್ರು, ಹೊಳಲ್ಕೆರೆ

ಒಂದು ವಿಷಯ ಸೇರಿಸುತ್ತೇನೆ. ಉಡ ಅಂತ ಅನುಮಾನ ಬಂದರೆ ನಾಲಿಗೆ ನೋಡಿ. ಉಡದ ನಾಲಿಗೆ ಹಾವಿನ ಹಾಗೆ ಸೀಳು, ಉದ್ದ, ಆಗಾಗ ಹೊರಗೆ ಚಾಚುತ್ತಿರುತ್ತದೆ. ಕತ್ತು ಉದ್ದ, ಉಗುರು ಬಲವಾದದ್ದು. ಮರಿ ಉಡದ ಮೈ ಮೇಲೂ ಚುಕ್ಕಿ, ಪಟ್ಟೆ ಇರುವುದರಿಂದ ಶೇಂಗಾ ಅಣ್ಣನಿಗೆ ಹಾಗೆ ಅನಿಸಿದ್ದು ಸಹಜ. ಉಡ ಆಗಿದ್ದರೆ ನಾವು ಹಿಡಿದು ಆಚೆ ಈಚೆ ಒಯ್ಯುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿದೆ. ಅರಣ್ಯ ಇಲಾಖೆಗೆ ಫೋನ್ ಮಾಡಬೇಕು.

ಶಾಲೆ ಮಕ್ಕಳಿಗೆ ನಾನು ಒಂದು ಸುಲಭ ಭೇದ ಹೇಳಿಕೊಡುತ್ತೇನೆ. ಮಿಟುಕಿಸುವ ಕಣ್ಣಾ, ಮಿಟುಕಿಸದ ಕಣ್ಣಾ? ಓತಿಕ್ಯಾತ ಕಣ್ಣು ಮಿಟುಕಿಸುತ್ತದೆ. ಹಾವರಾಣಿಯೂ ಸಾಮಾನ್ಯವಾಗಿ ಮಿಟುಕಿಸುತ್ತದೆ. ಮನೆ ಹಲ್ಲಿಗೆ ರೆಪ್ಪೆಯೇ ಇಲ್ಲ, ಕಣ್ಣಿನ ಧೂಳನ್ನು ನಾಲಿಗೆಯಿಂದ ನೆಕ್ಕಿ ಒರೆಸಿಕೊಳ್ಳುತ್ತದೆ. ಮಕ್ಕಳು ಇದನ್ನು ಒಂದು ಸಲ ಕಣ್ಣಾರೆ ನೋಡಿದರೆ ಆಮೇಲೆ ಹಲ್ಲಿಗೆ ಕಲ್ಲು ಹೊಡೆಯಲ್ಲ.

ಜೋಗಿಮಟ್ಟಿ ಕಡೆಯ ಮನೆ

ಎಲ್ಲರಿಗೂ ಧನ್ಯವಾದ. ಬೆಳಗ್ಗೆ ನಮ್ಮ ಯಜಮಾನರು ಸಿಲಿಂಡರ್ ಸರಿಸಿದರು, ನಾನು ಬಾಟಲಿ ಹಾಕಿದೆ. ಒಳಗೆ ಹೋದ ತಕ್ಷಣ ಗಾಜು ಹತ್ತಿ ಮೇಲೆ ಕೂತುಬಿಟ್ಟಿತು. ನೆಲದಲ್ಲೇ ಓಡುತ್ತಿದ್ದ ಹಲ್ಲಿ ಗಾಜು ಹತ್ತುತ್ತದೆ ಅಂತ ಅಂದುಕೊಂಡಿರಲಿಲ್ಲ.

ಹತ್ತಿರದಿಂದ ನೋಡಿದ್ದನ್ನು ಬರೆಯುತ್ತೇನೆ. ಬೆರಳಿನ ಕೆಳಗೆ ಅಡ್ಡಡ್ಡ ಪಟ್ಟಿಗಳಿವೆ. ಒಂದರ ಕೆಳಗೆ ಒಂದು, ಮಧ್ಯದಲ್ಲಿ ಸೀಳಿದ ಹಾಗೆ ಎರಡೆರಡು ಭಾಗ. ಆ ಪಟ್ಟಿಗಳು ಇರುವ ಕಡೆ ಬೆರಳು ಅಗಲ, ತುದಿಯಲ್ಲಿ ಮಾತ್ರ ಸಣ್ಣ ಆಗಿ ಉಗುರು ಎದ್ದಿದೆ. ಹೊಟ್ಟೆ ಬಿಳಿ, ಚರ್ಮ ಎಷ್ಟು ತೆಳು ಅಂದರೆ ಒಳಗೆ ಏನೋ ಕಪ್ಪಗೆ ಕಾಣುತ್ತದೆ, ತಿಂದ ಹುಳ ಇರಬಹುದು. ಬೆನ್ನಿನ ಮೇಲೆ ಸಾಲು ಸಾಲು ಗುಳ್ಳೆ. ಗುಳ್ಳೆ ದುಂಡಗಿಲ್ಲ, ಮೂಲೆ ಮೂಲೆ ಇದೆ, ಟಾರ್ಚ್ ಬೆಳಕಿಗೆ ಒಂದು ಕಡೆ ನೆರಳು ಬೀಳುತ್ತದೆ. ಕಣ್ಣಿಗೆ ರೆಪ್ಪೆ ಇಲ್ಲ. ಪಾಪೆ ನಿಂತ ಗೆರೆ. ಮೇಷ್ಟ್ರು ಹೇಳಿದ ಹಾಗೆ ಕಣ್ಣು ನೆಕ್ಕಿಕೊಂಡಿತು, ದೊಡ್ಡ ಮಗಳು ಕಿರುಚಿಬಿಟ್ಟಳು. ನಾಲಿಗೆ ಸೀಳಿಲ್ಲ, ದಪ್ಪ, ಗುಲಾಬಿ ಬಣ್ಣ.

ನಾಲ್ಕು ಫೋಟೋ ಹಾಕಿದ್ದೇನೆ. ಎರಡನೆಯದರಲ್ಲಿ ಪಾದ ಸ್ಪಷ್ಟವಾಗಿದೆ.

ಕಲ್ಲುಬಂಡೆ

ಆಹಾ, ಎಂಥಾ ಫೋಟೋ! ಇಷ್ಟು ಚೆನ್ನಾಗಿ ಪಾದ ತೋರಿಸಿದವರು ಇಲ್ಲಿ ತುಂಬಾ ಕಡಿಮೆ. ಈಗ ಒಂದೊಂದೇ ತೆಗೆದುಹಾಕೋಣ.

ಉಡ ಅಲ್ಲ, ನಾಲಿಗೆ ಸೀಳಿಲ್ಲ. ಹಾವರಾಣಿ ಅಲ್ಲ. ಹಾವರಾಣಿಯ ಮೈ ಮೇಲೆ ಒಂದರ ಮೇಲೊಂದು ಹೊದಿಸಿದ ನುಣುಪು ಹುರುಪೆ ಇರುತ್ತದೆ, ಎಣ್ಣೆ ಹಚ್ಚಿದಂತೆ ಹೊಳೆಯುತ್ತದೆ, ಕಾಲು ಗಿಡ್ಡ, ಬೆರಳಿನ ಕೆಳಗೆ ಇಂಥ ಅಂಟುಪಟ್ಟಿ ಇರಲ್ಲ. ಲೆಪರ್ಡ್ ಗೆಕ್ಕೊ ಅಲ್ಲ. ಆ ಜಾತಿಗೆ ಮುಚ್ಚಿ ತೆರೆಯುವ ರೆಪ್ಪೆ ಇದೆ, ಗಾಜು ಹತ್ತುವ ಪಾದ ಇಲ್ಲ. ನಿಮ್ಮ ಹಲ್ಲಿಯಲ್ಲಿ ಎರಡೂ ತಿರುಗು ಮುರುಗು.

ನಮ್ಮ ಕಡೆ ಕಲ್ಲು, ತರಗೆಲೆಯ ಕೆಳಗೆ ಸಿಗುವ ನೆಲಹಲ್ಲಿಗಳ ಇನ್ನೊಂದು ಗುಂಪಿದೆ, ಸಿರ್ಟೊಡ್ಯಾಕ್ಟೈಲಸ್. ಅದರಲ್ಲಿ ಕೊಳ್ಳೇಗಾಲದ ಹೆಸರಿನಲ್ಲೇ ಒಂದು ಜಾತಿ ಇದೆ, 1870ರಲ್ಲಿ ಬೆಡೋಮ್ ಎಂಬ ಬ್ರಿಟಿಷ್ ಅಧಿಕಾರಿ ವಿವರಿಸಿದ್ದು. ಅವುಗಳ ಮೈಯಲ್ಲೂ ಚುಕ್ಕಿ, ಪಟ್ಟೆ ಚೆನ್ನಾಗಿರುತ್ತವೆ, ರಾತ್ರಿ ನೆಲದ ಮೇಲೆ ಓಡಾಡುತ್ತವೆ. ಮೊದಲ ಫೋಟೋ ನೋಡಿದಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ಈ ಗುಂಪಿನದಾ, ಮನೆ ಹಲ್ಲಿಯ ಕುಲದ್ದಾ ಅಂತ. ಆ ಗುಂಪಿನ ಬೆರಳು ಸಣಕಲು, ಕೆಳಗೆ ಅಗಲವಾದ ಪಟ್ಟಿ ಇಲ್ಲ, ಗಾಜಿನ ಮೇಲೆ ಜಾರುತ್ತದೆ. ನಿಮ್ಮದು ಗಾಜು ಹತ್ತಿತು. ಅಲ್ಲಿಗೆ ಅದೂ ಹೋಯಿತು.

ಉಳಿದದ್ದು ಹೆಮಿಡ್ಯಾಕ್ಟೈಲಸ್ ಕುಲ. ನಮ್ಮ ಮನೆ ಹಲ್ಲಿಗಳೂ ಇದೇ ಕುಲದವು. ಸೀಳಿದ ಪಟ್ಟಿ, ತುದಿಯಲ್ಲಿ ಎದ್ದ ಉಗುರು, ಇದು ಆ ಕುಲದ ಗುರುತು. ಅದರೊಳಗೆ ಮೂರು ಮೂಲೆಯ ದೊಡ್ಡ ಗುಳ್ಳೆಗಳ ಸಾಲು, ಕಪ್ಪು ಅಂಚಿನ ಬಿಳಿ ಅಡ್ಡಪಟ್ಟೆ, ಉಂಗುರದ ಬಾಲ, ನೆಲದ ಮೇಲಿನ ಓಡಾಟ, ಹಿಂದೆ ಹುತ್ತ, ಮುಂದೆ ಮಳೆ. ಇದು ಹುತ್ತದ ಹಲ್ಲಿ. ಬೆರಳುದ್ದ ಇದ್ದು ಪಟ್ಟೆ ಇಷ್ಟು ಎದ್ದು ಕಾಣುವುದರಿಂದ ಮರಿ. ದೊಡ್ಡದಾದ ಮೇಲೆ ಪಟ್ಟೆ ಮಂಕಾಗುತ್ತದೆ, ಮೈ ದಪ್ಪ ಆಗುತ್ತದೆ.

ಒಳಗೆ ಯಾಕೆ ಬಂತು ಅಂತ ಕೇಳುತ್ತೀರಿ. ಇದು ಹುತ್ತದ ಬಿರುಕು, ಇಲಿ ಬಿಲ, ಕಲ್ಲಿನ ಸಂದಿಯಲ್ಲಿ ಇರುತ್ತದೆ. ಗೆದ್ದಲು ಅಂದರೆ ಇದಕ್ಕೆ ಪ್ರಾಣ. ಮಳೆ ಬಿದ್ದ ರಾತ್ರಿ ರೆಕ್ಕೆ ಬಂದ ಗೆದ್ದಲು ಹುಳ ಎದ್ದು ದೀಪಕ್ಕೆ ಮುತ್ತುತ್ತವಲ್ಲ, ನಿಮ್ಮ ಅಡುಗೆಮನೆ ದೀಪಕ್ಕೂ ಬಂದಿರುತ್ತವೆ, ರೆಕ್ಕೆ ಉದುರಿಸಿ ನೆಲದಲ್ಲಿ ಹರಿದಾಡಿರುತ್ತವೆ. ಅದೇ ಸಾಲು ಹಿಡಿದು ಬಾಗಿಲ ಸಂದಿಯಿಂದ ಬಂದಿರಬೇಕು. ಹೊಟ್ಟೆಯಲ್ಲಿ ಕಪ್ಪಗೆ ಕಂಡದ್ದೂ ಅದೇ ಊಟ ಇದ್ದರೂ ಇರಬಹುದು.

ರಾತ್ರಿಪಾಳಿ

ಹೌದು ಸರ್, ರೆಪ್ಪೆಯ ವಿಷಯ ಹೇಳಿದ್ದು ಒಳ್ಳೆಯದಾಯಿತು. ಆದರೆ ಲಕ್ಷ ರೂಪಾಯಿ ಹಲ್ಲಿ ಅಂತ ವಾಟ್ಸಾಪಲ್ಲಿ ಬರುತ್ತದಲ್ಲ, ಅದು ಯಾವುದು?

ಕಲ್ಲುಬಂಡೆ

ಅದು ಟೋಕೆ ಹಲ್ಲಿ. ನಮ್ಮ ದೇಶದಲ್ಲಿ ಈಶಾನ್ಯ ರಾಜ್ಯಗಳ ಕಡೆ ಇದೆ, ದುರ್ಗದ ಗುಡ್ಡದಲ್ಲಿ ಇಲ್ಲ. ಅದರಿಂದ ದೊಡ್ಡ ದೊಡ್ಡ ಕಾಯಿಲೆಗೆ ಔಷಧ ಆಗುತ್ತದೆ ಅಂತ ಸುಳ್ಳು ಹಬ್ಬಿಸಿ ಸಾವಿರಾರು ಹಲ್ಲಿ ಹಿಡಿದು ಕಳ್ಳಸಾಗಣೆ ಮಾಡಿದರು. 2019ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರದ ಮೇಲೆ ನಿಗಾ ಇಡುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಗೆ ಸೇರಿಸಿದರು. ದಯವಿಟ್ಟು ಆ ಮೆಸೇಜ್ ಯಾರಿಗೂ ಫಾರ್ವರ್ಡ್ ಮಾಡಬೇಡಿ. ದುಡ್ಡಿನ ಆಸೆಗೆ ಹುಡುಗರು ಸಿಕ್ಕ ಹಲ್ಲಿಯನ್ನೆಲ್ಲ ಹಿಡಿದು ಡಬ್ಬಿಗೆ ತುಂಬುತ್ತಾರೆ, ಕೊಳ್ಳುವವನು ಬರಲ್ಲ, ಡಬ್ಬಿಯಲ್ಲೇ ಸಾಯುತ್ತವೆ. ಇದನ್ನು ನೆನೆದರೆ ನನಗೆ ಸಂಕಟ ಆಗುತ್ತದೆ.

ಬೆಣ್ಣೆದೋಸೆ ಊರು

ಹಾಗಾದರೆ ನಮ್ಮ ಹಿತ್ತಲಿನ ಕೆಂಪು ಬಾಲದ್ದು ಹಾವರಾಣಿ ತಾನೇ? ಅದು ಕಚ್ಚಿದರೆ ನೀರು ಕೇಳುವಷ್ಟೂ ಹೊತ್ತು ಸಿಗಲ್ಲ ಅಂತ ನಮ್ಮ ಅಜ್ಜಿ ಹೇಳೋರು. ಅಕ್ಕಿ ಮೂಟೆ ಎತ್ತಿದಾಗ ಕೆಳಗೆ ಒಂದಿತ್ತು, ನಮ್ಮ ಮನೆಯವರು ಹಾವಿನ ಮರಿ ಅಂತ ಹೊರಗೆ ಓಡಿದರು.

ಮೇಷ್ಟ್ರು, ಹೊಳಲ್ಕೆರೆ

ಕೆಂಪು ಬಾಲ, ಕಪ್ಪು ಮೈ, ಉದ್ದುದ್ದ ತಿಳಿ ಗೆರೆ ಇದ್ದರೆ ಅದು ಸಣ್ಣ ಜಾತಿಯ ಹಾವರಾಣಿಯ ಮರಿ. ರಯೋಪಾ ಪಂಕ್ಟೇಟಾ ಅಂತ ಹೆಸರು. ಬೆಳೆದಂತೆ ಆ ಕೆಂಪು ಹೋಗಿ ಕಂದು ಆಗುತ್ತದೆ. ಶತ್ರು ಬಾಲಕ್ಕೆ ಬಾಯಿ ಹಾಕಲಿ, ತಲೆ ಉಳಿಯಲಿ ಅಂತ ಆ ಬಣ್ಣ. ಕಾಲು ತುಂಬಾ ಸಣ್ಣದು, ಓಡುವಾಗ ಮೈ ಬಳುಕುತ್ತದೆ, ಅದಕ್ಕೇ ಹಾವು ಅನಿಸುತ್ತದೆ.

ವಿಷ ಖಂಡಿತ ಇಲ್ಲ. ಹಿರಿಯರ ಭಯ ಎಲ್ಲಿಂದ ಬಂತು ಅಂತ ನನಗೆ ಅರ್ಥ ಆಗುತ್ತದೆ. ಮೂಟೆಯ ಸಂದಿ, ಕಟ್ಟಿಗೆ ರಾಶಿ, ಕತ್ತಲು ಮೂಲೆ, ಇಂಥ ಕಡೆ ಹಾವರಾಣಿಯೂ ಇರುತ್ತದೆ, ಭಾರೀ ವಿಷದ ಕಟ್ಟುಹಾವೂ ಇರುತ್ತದೆ. ರಾತ್ರಿ ಕಟ್ಟುಹಾವು ಕಚ್ಚಿದರೆ ಎಷ್ಟೋ ಸಲ ನೋವೂ ಇರಲ್ಲ, ಬಾವೂ ಇರಲ್ಲ. ಬೆಳಗ್ಗೆ ಅದೇ ಜಾಗದಲ್ಲಿ ಹಾವರಾಣಿ ಕಂಡರೆ ತಪ್ಪು ಅದರ ತಲೆಗೆ. ಹೀಗೆ ಆಗಿರಬಹುದು ಅಂತ ನನ್ನ ಊಹೆ. ಆದ್ದರಿಂದ ಹಾವರಾಣಿಗೆ ಹೆದರಬೇಡಿ, ಆದರೆ ಮೂಟೆ ಸಂದಿಗೆ ಬರಿಗೈ ಹಾಕಬೇಡಿ. ಯಾವುದು ಕಚ್ಚಿತು ಅಂತ ಕಣ್ಣಾರೆ ಕಾಣದೆ ಇದ್ದರೆ ಹಾವೇ ಅಂತ ಲೆಕ್ಕ ಹಾಕಿ ಆಸ್ಪತ್ರೆಗೆ ಹೋಗಿ, 108ಕ್ಕೆ ಫೋನ್ ಮಾಡಿ. ನಾಟಿ ಮದ್ದು ಅಂತ ಹೊತ್ತು ಕಳೆಯಬೇಡಿ.

ಹರಿಹರದ ಹೊಳೆ

ಹಲ್ಲಿ ಬಿದ್ದ ಸಾರು ತಿಂದು ಮಕ್ಕಳು ಅಸ್ವಸ್ಥ ಅಂತ ಪೇಪರಲ್ಲಿ ಬರುತ್ತಲೇ ಇರುತ್ತದೆ. ವಿಷ ಇಲ್ಲ ಅಂತ ನೀವು ಹೇಳುತ್ತೀರಿ. ಹಾಗಾದರೆ ಅದು ಸುಳ್ಳಾ? ನಮ್ಮಮ್ಮ ಹಾಲಿನ ಪಾತ್ರೆಗೆ ಹಲ್ಲಿ ಬಿದ್ದಾಗ ಇಡೀ ಪಾತ್ರೆಯನ್ನೇ ಬಿಸಾಡಿದರು.

ಕಲ್ಲುಬಂಡೆ

ಹಾಲು ಚೆಲ್ಲಿದ್ದು ಸರಿ. ಪಾತ್ರೆ ಚೆನ್ನಾಗಿ ತೊಳೆದು, ಕುದಿವ ನೀರು ಹಾಕಿದ್ದರೆ ಸಾಕಿತ್ತು.

ಹಲ್ಲಿಯ ಮೈಯಲ್ಲಿ ವಿಷ ಇಲ್ಲ. ಆದರೆ ಅದರ ಕರುಳಲ್ಲಿ, ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾ ತರದ ಬ್ಯಾಕ್ಟೀರಿಯಾ ಇರಬಹುದು. ಅದು ಆಹಾರಕ್ಕೆ ಸೇರಿ ಹೊತ್ತು ಕಳೆದರೆ ವಾಂತಿ, ಭೇದಿ ಬರಬಹುದು. ಮಕ್ಕಳಿಗೆ ನೀರಿನಂಶ ಕಡಿಮೆಯಾಗಿ ಸುಸ್ತಾಗುತ್ತದೆ. ಜೊತೆಗೆ ತಟ್ಟೆಯಲ್ಲಿ ಸತ್ತ ಹಲ್ಲಿ ಕಂಡರೆ ಹೇಸಿಗೆಗೆ, ಭಯಕ್ಕೆ ಪಕ್ಕದ ಮಗುವೂ ವಾಂತಿ ಮಾಡುತ್ತದೆ. ಸುದ್ದಿ ಸುಳ್ಳಲ್ಲ, ಮಕ್ಕಳಿಗೆ ಆಗುವ ತೊಂದರೆ ನಿಜ, ಕಾರಣ ಮಾತ್ರ ಬೇರೆ. ಆದ್ದರಿಂದ ಪಾತ್ರೆಗೆ ಮುಚ್ಚಳ ಇರಲಿ, ಹಲ್ಲಿ ಬಿದ್ದ ಅಡುಗೆ ಬೇಡವೇ ಬೇಡ, ಹಿಕ್ಕೆ ಬಿದ್ದ ಜಾಗ ಒರೆಸಿ. ಇಷ್ಟು ಮಾಡಿದರೆ ಹಲ್ಲಿ ಗೋಡೆ ಮೇಲೆ ಇದ್ದರೂ ನಮಗೇನೂ ನಷ್ಟ ಇಲ್ಲ.

ವಿವಿ ಸಾಗರ

ನನ್ನ ಪ್ರಶ್ನೆ ಸ್ವಲ್ಪ ಬೇರೆ. ಕಲ್ಲುಬಂಡೆ ಸರ್, ನೀವು ಹುತ್ತದ ಹಲ್ಲಿ ಅಂತ ಹೇಳಿ ನಿಲ್ಲಿಸಿದಿರಿ. ವೈಜ್ಞಾನಿಕ ಹೆಸರು ಹೆಮಿಡ್ಯಾಕ್ಟೈಲಸ್ ಟ್ರೈಡ್ರಸ್ ಅಂತ ನೇರ ಹಾಕಬಹುದಲ್ವಾ? ನಾನು ಹಿರಿಯೂರು ಕಡೆ ತೆಗೆದ ಇಂಥದ್ದೇ ಫೋಟೋ ಐನ್ಯಾಚುರಲಿಸ್ಟಲ್ಲಿ (ಕಂಡ ಪ್ರಾಣಿ, ಗಿಡದ ಫೋಟೋ ಹಾಕಿ ಭೂಪಟದಲ್ಲಿ ದಾಖಲಿಸುವ ವೆಬ್‌ಸೈಟು) ಹಾಕಿದ್ದೆ. ಒಬ್ಬರು ಒಂದು ಹೆಸರು, ಇನ್ನೊಬ್ಬರು ಇನ್ನೊಂದು ಹೆಸರು ಹಾಕಿ, ಕೊನೆಗೆ ಅದು ಗುಂಪಿನ ಹೆಸರಿಗೇ ನಿಂತಿದೆ. ನನಗೆ ಬೇಜಾರಾಗಿತ್ತು.

ಕಲ್ಲುಬಂಡೆ

ಬೇಜಾರು ಮಾಡಿಕೊಳ್ಳಬೇಡಿ, ಗುಂಪಿಗೆ ನಿಂತದ್ದೇ ಸರಿಯಾದ ಕೆಲಸ. ಟ್ರೈಡ್ರಸ್ ಅಂತ ಡೊಡಾನ್ ಎಂಬ ಫ್ರೆಂಚ್ ಪ್ರಾಣಿಶಾಸ್ತ್ರಜ್ಞ ಹೆಸರಿಟ್ಟದ್ದು 1802ರಲ್ಲಿ. ಆಮೇಲೆ ದಕ್ಷಿಣ ಭಾರತದ ಪಟ್ಟೆ ಹುತ್ತದ ಹಲ್ಲಿಗಳನ್ನೆಲ್ಲ ಆ ಒಂದೇ ಹೆಸರಿನ ಕೆಳಗೆ ಹಾಕುತ್ತಾ ಬಂದರು. 2018ರಲ್ಲಿ ಡಿಎನ್‌ಎ, ಹುರುಪೆ, ರಂಧ್ರಗಳ ಎಣಿಕೆ ಎಲ್ಲಾ ಸೇರಿಸಿ ನೋಡಿದಾಗ ಒಂದೇ ಅಂತ ಅಂದುಕೊಂಡದ್ದು ಒಂದಲ್ಲ ಅಂತ ಗೊತ್ತಾಯಿತು. ಹೊಸ ಜಾತಿಗಳಿಗೆ ಹೆಸರಿಟ್ಟರು. ಅದರಲ್ಲಿ ಒಂದು ಹೆಮಿಡ್ಯಾಕ್ಟೈಲಸ್ ವಿಟೇಕರಿ, ಹಾವುಗಳ ಬಗ್ಗೆ ಜೀವನವಿಡೀ ಕೆಲಸ ಮಾಡಿದ ರೋಮುಲಸ್ ವಿಟೇಕರ್ ಅವರ ಹೆಸರಿನಲ್ಲಿ. ಅದು ನಮ್ಮ ಕರ್ನಾಟಕದ ಹಲ್ಲಿ. ಹಾಗಾಗಿ ನಮ್ಮ ಬಯಲುಸೀಮೆಯಲ್ಲಿ ಕಂಡ ತಕ್ಷಣ ಟ್ರೈಡ್ರಸ್ ಅಂತ ಬರೆಯುವ ಕಾಲ ಹೋಯಿತು.

ಹೊರಗಿನಿಂದ ಇವು ಅಣ್ಣತಮ್ಮಂದಿರಂತೆ ಇವೆ. ಗಂಡಿನ ತೊಡೆಯ ಕೆಳಗೆ ಮೇಣದಂಥದ್ದು ಒಸರುವ ಸಣ್ಣ ರಂಧ್ರಗಳ ಸಾಲು ಇರುತ್ತದೆ, ಅವನ್ನು ಎಣಿಸಬೇಕು. ಬೆನ್ನಿನ ಗುಳ್ಳೆ ಎಷ್ಟು ಸಾಲು, ಎಷ್ಟು ಒತ್ತಾಗಿವೆ ಅಂತ ನೋಡಬೇಕು. ಈ ಮನೆಯವರ ಹಲ್ಲಿ ಮರಿ, ರಂಧ್ರ ಕಾಣುವ ವಯಸ್ಸಲ್ಲ. ಅದಕ್ಕೇ ನಾನು ಹುತ್ತದ ಹಲ್ಲಿ ಗುಂಪು ಅಂತ ನಿಲ್ಲಿಸಿದ್ದು. ಇಲ್ಲಿಂದ ಮುಂದೆ ಒಂದು ಹೆಜ್ಜೆ ಇಟ್ಟರೂ ಅದು ಊಹೆ. ಊಹೆಯ ಹೆಸರು ಒಂದು ಸಲ ಭೂಪಟದ ಮೇಲೆ ಕೂತರೆ ನಾಳೆ ಇನ್ನೊಬ್ಬರು ಅದನ್ನೇ ನಂಬಿ ಲೆಕ್ಕ ಹಾಕುತ್ತಾರೆ, ಯಾವ ಜಾತಿ ಎಲ್ಲಿದೆ, ಎಲ್ಲಿ ಕಡಿಮೆ ಆಗುತ್ತಿದೆ ಅನ್ನುವುದೇ ಕೆಡುತ್ತದೆ.

ಮನೆ ಹಲ್ಲಿಗೂ ಇದೇ ಕಥೆ. ಹಳೇ ಪುಸ್ತಕ ತೆಗೆದರೆ ಚುಕ್ಕಿ ಇರುವ ಗುಳ್ಳೆಮೈ ಮನೆ ಹಲ್ಲಿಗೆಲ್ಲ ಹೆಮಿಡ್ಯಾಕ್ಟೈಲಸ್ ಬ್ರೂಕಿ ಅಂತ ಬರೆದಿರುತ್ತಾರೆ. ಈಗ ಆ ಹೆಸರಿನ ಗುಂಪನ್ನು ಒಡೆದು ಬೇರೆ ಬೇರೆ ಮಾಡಿದ್ದಾರೆ. ನಮ್ಮ ಗೋಡೆ ಮೇಲೆ ಇರುವುದರ ಹೆಸರೇ ಇನ್ನೂ ಸರಿಹೋಗುತ್ತಾ ಇದೆ. ನನಗಂತೂ ಇದು ತುಂಬಾ ಇಷ್ಟದ ವಿಷಯ. ಹೊಸ ಜಾತಿ ಅಂದರೆ ಪಶ್ಚಿಮ ಘಟ್ಟಕ್ಕೇ ಹೋಗಬೇಕು ಅಂತ ಜನ ಅಂದುಕೊಂಡಿದ್ದಾರೆ. ಲಂಟಾನ, ಕಲ್ಲು, ಒಣಹುಲ್ಲು ಅಂತ ಯಾರೂ ಕಣ್ಣೆತ್ತಿ ನೋಡದ ನಮ್ಮ ಬಯಲಲ್ಲೂ ಕೆಲಸ ಎಷ್ಟು ಬಾಕಿ ಇದೆ ನೋಡಿ.

ವಿವಿ ಸಾಗರ

ಇದನ್ನು ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲ ಸರ್. ಮುಂದಿನ ಸಲ ದೊಡ್ಡದು ಕಂಡರೆ ಹೊಟ್ಟೆ ಕಡೆಯ ಫೋಟೋವನ್ನೂ ಹಾಕುತ್ತೇನೆ.

ಚಳ್ಳಕೆರೆ ಶೇಂಗಾ

ನಮ್ಮ ಹೊಲದಲ್ಲಿ ಬದುವಿನ ಕಲ್ಲಿನ ಕೆಳಗೆ ಸಿಕ್ಕಿದ್ದೂ ಇದೇ ಹುತ್ತದ ಹಲ್ಲಿ ಇರಬಹುದು ಅನಿಸುತ್ತಿದೆ. ಅದಕ್ಕೂ ಬಾಲದಲ್ಲಿ ಉಂಗುರ ಇತ್ತು, ನಾಲಿಗೆ ಯಾರು ನೋಡಿದರು. ಇನ್ನೊಂದು ಇದೆ, ಹಗಲು ಹೊತ್ತು ಶೇಂಗಾ ಸಾಲಿನ ಮಧ್ಯೆ ಬಾಣದ ಹಾಗೆ ಓಡುತ್ತದೆ, ಕಂದು ಮೈ, ಉದ್ದ ಗೆರೆ, ಬಾಲ ಮೈಗಿಂತ ಉದ್ದ. ಅದು ಯಾವುದು?

ಕಲ್ಲುಬಂಡೆ

ಒಫಿಸಾಪ್ಸ್ ಗುಂಪು ಇರಬೇಕು. ಅದರ ಕಣ್ಣಿಗೂ ಮಿಟುಕಿಸುವ ರೆಪ್ಪೆ ಇಲ್ಲ, ಹಾವಿನ ಹಾಗೆ ಪಾರದರ್ಶಕ ಪೊರೆ. ಹಗಲಿನ ಪ್ರಾಣಿ, ಒಣ ಬಯಲು ಇಷ್ಟ. ಫೋಟೋ ಸಿಕ್ಕರೆ ಬೇರೆ ಚರ್ಚೆಯಾಗಿ ಹಾಕಿ ಅಣ್ಣ, ಇಲ್ಲಿ ಸೇರಿಸಿದರೆ ಇದು ಉದ್ದ ಆಗುತ್ತದೆ.

ಜೋಗಿಮಟ್ಟಿ ಕಡೆಯ ಮನೆ

ಸರ್, ಈಗ ಇದನ್ನು ಎಲ್ಲಿ ಬಿಡಬೇಕು? ಬಾಟಲಿಗೆ ರಟ್ಟು ಮುಚ್ಚಿ, ತೂತು ಮಾಡಿ, ನೆರಳಲ್ಲಿ ಇಟ್ಟಿದ್ದೇನೆ. ಯಜಮಾನರು ಆಡುಮಲ್ಲೇಶ್ವರದ ಕಡೆ ಕಾಡಿಗೆ ಬಿಟ್ಟು ಬರೋಣ ಅಂತಿದ್ದಾರೆ. ಮಕ್ಕಳು ಸಾಕೋಣ ಅಂತ ಹಟ ಮಾಡುತ್ತಿವೆ. ಅತ್ತೆಗೆ ವಿಷ ಇಲ್ಲ ಅಂತ ಹೇಳಿದೆ, ಹತ್ತಿರ ಬಂದು ನೋಡಿದರು, "ಪಟ್ಟೆ ಚೆಂದ ಐತೆ, ಆದ್ರೂ ಹೊರಗ ಬಿಡ್ರಿ" ಅಂದರು.

ಕಲ್ಲುಬಂಡೆ

ದೂರ ಒಯ್ಯಬೇಡಿ. ಆಡುಮಲ್ಲೇಶ್ವರದ ಕಾಡು ನಮಗೆ ಕಾಡು, ಅದಕ್ಕೆ ಗೊತ್ತಿಲ್ಲದ ಊರು. ಯಾವ ಕಲ್ಲಿನ ಕೆಳಗೆ ಸಂದಿ ಇದೆ, ಎಲ್ಲಿ ಗೆದ್ದಲು ಸಿಗುತ್ತದೆ ಅಂತ ಅದು ಕಲಿತಿರುವುದು ನಿಮ್ಮ ಹಿತ್ತಲಿನ ಆಸುಪಾಸು. ಸಂಜೆ ಕತ್ತಲಾಗುವ ಹೊತ್ತಿಗೆ ಹಿಂದಿನ ಸೈಟಿನ ಹುತ್ತದ ಹತ್ತಿರ ಅಥವಾ ಕಲ್ಲುರಾಶಿ ಬಳಿ ಬಾಟಲಿ ಮಲಗಿಸಿ ರಟ್ಟು ತೆಗೆಯಿರಿ. ಅದಾಗಿಯೇ ಹೋಗುತ್ತದೆ, ಅಲುಗಾಡಿಸಿ ಉದುರಿಸಬೇಡಿ. ಹುತ್ತದ ತೂತಿಗೆ ಕೈ, ಕಡ್ಡಿ ಹಾಕಬೇಡಿ, ಅದರಲ್ಲಿ ಹಾವು ಇರಬಹುದು. ಅಲ್ಲಿಯವರೆಗೆ ಬಿಸಿಲಿಗೆ ಇಡಬೇಡಿ. ಗಾಜಿನ ಬಾಟಲಿ ಬಿಸಿಲಲ್ಲಿ ಸ್ವಲ್ಪ ಹೊತ್ತು ಇದ್ದರೂ ಒಳಗೆ ಕಾದು ಸತ್ತೇ ಹೋಗುತ್ತದೆ.

ಸಾಕುವುದು ಬೇಡ. ಮಕ್ಕಳಿಗೆ ಬಿಡುವ ಕೆಲಸ ಕೊಡಿ, ಟಾರ್ಚ್ ಹಿಡಿಯಲಿ.

ಹರಿಹರದ ಹೊಳೆ

ಮನೆಗೆ ಮತ್ತೆ ಬರದ ಹಾಗೆ ಏನು ಮಾಡಬೇಕು ಅಂತಲೂ ಹೇಳಿ. ನಮ್ಮ ಮನೆಯಲ್ಲಿ ಮೊಟ್ಟೆ ಸಿಪ್ಪೆ ಇಟ್ಟಿದ್ದೇವೆ, ನವಿಲುಗರಿ ಇಟ್ಟಿದ್ದೇವೆ, ಹಲ್ಲಿ ಅದರ ಪಕ್ಕದಲ್ಲೇ ಕೂತಿರುತ್ತದೆ.

ಮೇಷ್ಟ್ರು, ಹೊಳಲ್ಕೆರೆ

ಹಲ್ಲಿ ಬರುವುದು ಹುಳಕ್ಕೆ, ಹುಳ ಬರುವುದು ದೀಪಕ್ಕೆ. ಮಳೆಗಾಲದಲ್ಲಿ ಸಂಜೆ ಹಿಂಬಾಗಿಲ ದೀಪ ಆರಿಸಿ, ಇಲ್ಲವೇ ಹಳದಿ ಬಲ್ಬ್ ಹಾಕಿ. ಬಾಗಿಲ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ ಹೊಡೆಸಿ, ಕಿಟಕಿಗೆ ಸೊಳ್ಳೆ ಜಾಲರಿ. ಸಿಂಕಿನ ಪೈಪು ಗೋಡೆಗೆ ಸೇರುವ ಕಡೆ ಸಿಮೆಂಟ್ ಬಿಟ್ಟಿದ್ದರೆ ಮುಚ್ಚಿಸಿ. ನುಸಿಗುಳಿಗೆ ಅಡುಗೆಮನೆಯಲ್ಲಿ ಇಡಬೇಡಿ, ಅದೇ ಮಕ್ಕಳ ಬಾಯಿಗೆ ಹೋದರೆ ಅಪಾಯ. ಹಲ್ಲಿಗಿಂತ ಅದಕ್ಕೆ ನನಗೆ ಭಯ ಜಾಸ್ತಿ.

ಇಲಿಗೆ ಅಂತ ಇಡುವ ಅಂಟುಹಲಗೆಯನ್ನು ಮಾತ್ರ ದಯವಿಟ್ಟು ನೆಲದ ಮೇಲೆ ತೆರೆದು ಇಡಬೇಡಿ. ಅದರಲ್ಲಿ ಇಲಿಗಿಂತ ಹಲ್ಲಿ, ಹಾವರಾಣಿ ಸಿಕ್ಕುವುದು ಹೆಚ್ಚು. ಜೀವ ಹೋಗಲು ದಿನಗಟ್ಟಲೆ ಆಗುತ್ತದೆ.

ಅಡಿಕೆತೋಟ, ಚನ್ನಗಿರಿ

ಮೇಷ್ಟ್ರೇ, ನಮ್ಮ ಗೋಡೌನಿನಲ್ಲಿ ಇವತ್ತೇ ಅಂಟುಹಲಗೆಗೆ ಒಂದು ಹಲ್ಲಿ ಸಿಕ್ಕಿಕೊಂಡಿದೆ. ಇನ್ನೂ ಜೀವ ಇದೆ. ಎಳೆದರೆ ಕಾಲು ಕಿತ್ತು ಬರುವ ಹಾಗಿದೆ. ಬಿಡಿಸಲು ಆಗುತ್ತದಾ? ಬೇಗ ಹೇಳಿ.

ಮೇಷ್ಟ್ರು, ಹೊಳಲ್ಕೆರೆ

ಎಳೆಯಬೇಡಿ. ಅಡುಗೆ ಎಣ್ಣೆ ತನ್ನಿ, ಶೇಂಗಾ ಎಣ್ಣೆ, ಸೂರ್ಯಕಾಂತಿ ಎಣ್ಣೆ ಯಾವುದಾದರೂ ಸರಿ. ಸೀಮೆಎಣ್ಣೆ, ಪೆಟ್ರೋಲು, ಥಿನ್ನರ್ ಮುಟ್ಟಬೇಡಿ, ಚರ್ಮ ಸುಟ್ಟುಹೋಗುತ್ತದೆ. ಹತ್ತಿ ಅಥವಾ ಕಿವಿಗೆ ಹಾಕುವ ಬಡ್ಸ್ ಅದ್ದಿ, ಮೈ ಅಂಟಿರುವ ಅಂಚಿನಲ್ಲಿ ತೊಟ್ಟು ತೊಟ್ಟು ಬಿಡಿ. ಮೂಗು, ಬಾಯಿಗೆ ಹೋಗದಂತೆ ನೋಡಿಕೊಳ್ಳಿ. ಸ್ವಲ್ಪ ಕಾಯಿರಿ, ಅಂಟು ಮೆತ್ತಗಾಗುತ್ತದೆ. ಮೊದಲು ಗದ್ದ, ಆಮೇಲೆ ಎದೆ, ಆಮೇಲೆ ಒಂದೊಂದೇ ಕಾಲು. ಬಾಲ ಕೊನೆಗೆ. ಬಿಟ್ಟ ಕಡೆ ಮತ್ತೆ ಅಂಟದ ಹಾಗೆ ಪೇಪರ್ ಚೂರು ತೂರಿಸುತ್ತಾ ಹೋಗಿ.

ಅಡಿಕೆತೋಟ, ಚನ್ನಗಿರಿ

ಬಂತು ಮೇಷ್ಟ್ರೇ. ಬಾಲದ ತುದಿ ಹೋಯಿತು, ಕಾಲು ನಾಲ್ಕೂ ಸರಿ ಇವೆ. ಆದರೆ ಮೈಯೆಲ್ಲ ಎಣ್ಣೆ, ಗೋಡೆಗೆ ಬಿಟ್ಟರೆ ಜಾರಿ ಬೀಳುತ್ತಿದೆ.

ಕಲ್ಲುಬಂಡೆ

ಗೋಡೆಗೆ ಬಿಡಬೇಡಿ. ಬೆರಳಿನ ಪಟ್ಟಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲಿನಂಥವು ಲಕ್ಷಾಂತರ ಇವೆ. ಅವು ಗೋಡೆಗೆ ಅತಿ ಹತ್ತಿರ ತಾಗಿದಾಗ ಅಣುಗಳ ನಡುವಿನ ಸೆಳೆತದಿಂದ ಹಿಡಿತ ಬರುತ್ತದೆ, ಅಂಟು ಗಿಂಟು ಏನೂ ಇಲ್ಲ. 2000 ಮತ್ತು 2002ರಲ್ಲಿ ಅಮೆರಿಕದ ವಿಜ್ಞಾನಿಗಳು ಟೋಕೆ ಹಲ್ಲಿಯ ಪಾದದ ಮೇಲೆ ಪ್ರಯೋಗ ಮಾಡಿ ಇದನ್ನು ತೋರಿಸಿದರು. ಎಣ್ಣೆ ಕೂತರೆ ಆ ಕೂದಲು ಗೋಡೆಗೆ ತಾಗುವುದೇ ಇಲ್ಲ.

ಉಗುರುಬೆಚ್ಚಗಿನ ನೀರಿಗೆ ಒಂದೇ ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ಹತ್ತಿಯಲ್ಲಿ ಮೈ, ಪಾದ ಮೆಲ್ಲಗೆ ಒರೆಸಿ. ಆಮೇಲೆ ಬರೀ ನೀರಲ್ಲಿ ಇನ್ನೊಮ್ಮೆ. ರಟ್ಟಿನ ಡಬ್ಬಿಯಲ್ಲಿ ಟಿಶ್ಯೂ ಹಾಸಿ, ಬಾಟಲಿ ಮುಚ್ಚಳದಲ್ಲಿ ಸ್ವಲ್ಪ ನೀರಿಟ್ಟು, ಕತ್ತಲಲ್ಲಿ ಬಿಡಿ. ರಾತ್ರಿ ಡಬ್ಬಿಯ ಗೋಡೆ ಹತ್ತುತ್ತಾ ನೋಡಿ. ಹತ್ತಿದರೆ ಗೋಡೌನಿನ ಹೊರಗೆ ಬಿಡಬಹುದು. ಹತ್ತದಿದ್ದರೆ ನಾಳೆ ಇನ್ನೊಂದು ಸಲ ಒರೆಸಿ. ಪೊರೆ ಬಿಟ್ಟಾಗ ಪಾದದ ಚರ್ಮವೂ ಹೊಸದು ಬರುತ್ತದೆ, ಆಗ ಹಿಡಿತ ಪೂರ್ತಿ ಸರಿಹೋಗುತ್ತದೆ. ಬಾಲದ ಚಿಂತೆ ಬೇಡ. ಮತ್ತೆ ಬೆಳೆಯುತ್ತದೆ, ಆದರೆ ಒಳಗೆ ಮೂಳೆಯ ಬದಲು ಮೃದ್ವಸ್ಥಿ ಇರುತ್ತದೆ, ಮೇಲಿನ ಗುಳ್ಳೆ, ಉಂಗುರ ಮೊದಲಿನ ಹಾಗೆ ಬರಲ್ಲ. ಅದಕ್ಕೇ ಗುರುತು ಹಿಡಿಯುವಾಗ ಹೊಸ ಬಾಲ ನೋಡಿ ತೀರ್ಮಾನ ಮಾಡಬಾರದು.

ಅದರ ಪಾದದ ಫೋಟೋ ಕೂಡ ಒಂದು ಹಾಕಿ, ಚನ್ನಗಿರಿ ಕಡೆಯದು ಯಾವುದು ಅಂತ ನೋಡೋಣ.

ಅಡಿಕೆತೋಟ, ಚನ್ನಗಿರಿ

ಸರಿ ಸರ್. ಒರೆಸಿ ಡಬ್ಬಿಗೆ ಬಿಟ್ಟಿದ್ದೇನೆ. ಉಳಿದ ಅಂಟುಹಲಗೆ ಎಲ್ಲ ತೆಗೆಸಿ ಇಲಿ ಬೋನು ಇಡಲು ಹೇಳಿದೆ. ಫೋಟೋ ರಾತ್ರಿ ಹಾಕುತ್ತೇನೆ.